ಸ್ಟ್ರಿಂಗ್ ಥಿಯರಿಗೆ ಮೊದಲ ಪುಸ್ತಕ ಯಾವುದು?

ಸಂಪಾದಕರೇ,

ಸ್ಟ್ರಿಂಗ್ ಥಿಯರಿ (ಮೂಲಕಣಗಳು ಬಿಂದುಗಳಲ್ಲ, ಕಂಪಿಸುವ ಅತಿಸಣ್ಣ ತಂತಿಗಳು ಅನ್ನುವ ಭೌತಶಾಸ್ತ್ರದ ಸಿದ್ಧಾಂತ) ಕಲಿಯಬೇಕು ಅನ್ನುವವರಿಗೆ ನಮ್ಮಲ್ಲಿ ಬಹಳ ಜನ ಸುಮ್ನೆ ದೊಡ್ಡ ಹೆಸರಿನ ಪುಸ್ತಕ ತೋರಿಸಿಬಿಡುತ್ತಾರೆ. ನನಗೂ ಹಾಗೇ ಆಯಿತು. ಜೋಸೆಫ್ ಪೋಲ್ಚಿನ್ಸ್ಕಿ ಅವರ 1998ರ ಎರಡು ಸಂಪುಟಗಳನ್ನು ಹಿಡಿದು ಕೂತೆ, ಕೆಲವೇ ಪುಟಗಳಲ್ಲಿ ಪೆನ್ಸಿಲ್ ಕೆಳಗಿಟ್ಟೆ. ತಪ್ಪು ಪುಸ್ತಕದ್ದಲ್ಲ. ಅದು ಕ್ವಾಂಟಮ್ ಫೀಲ್ಡ್ ಥಿಯರಿ (ಕಣಗಳನ್ನು ಕ್ಷೇತ್ರಗಳ ಕಂಪನಗಳಾಗಿ ನೋಡುವ ಸಿದ್ಧಾಂತ) ಮೊದಲೇ ಗೊತ್ತಿರುವವರಿಗೆ ಬರೆದದ್ದು.

ಬಾರ್ಟನ್ ಜ್ವೀಬಾಕ್ ಅವರ ‘ಎ ಫಸ್ಟ್ ಕೋರ್ಸ್ ಇನ್ ಸ್ಟ್ರಿಂಗ್ ಥಿಯರಿ’ ಪುಸ್ತಕ (2004, ಎರಡನೇ ಆವೃತ್ತಿ 2009) ಬೇರೆ ಥರ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮಾಡಿದ ಪಾಠದಿಂದ ಹುಟ್ಟಿದ್ದು. ಎರಡು ತುದಿ ಕಟ್ಟಿದ ಮಾಮೂಲಿ ತಂತಿ ಹೇಗೆ ಕಂಪಿಸುತ್ತದೆ ಅಂತ ಮೊದಲು ಲೆಕ್ಕ ಹಾಕಿಸಿ, ಆಮೇಲೆ ಸಾಪೇಕ್ಷತೆಯ ನಿಯಮಕ್ಕೆ ಒಳಪಟ್ಟ ಒಂದು ಕಣ, ಅದಾದ ಮೇಲೆ ಅದೇ ನಿಯಮಕ್ಕೆ ಒಳಪಟ್ಟ ತಂತಿ, ಹೀಗೆ ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಕಣ ಚಲಿಸಿದರೆ ದೇಶಕಾಲದಲ್ಲಿ ಗೆರೆ ಬೀಳುತ್ತದೆ, ತಂತಿ ಚಲಿಸಿದರೆ ಹಾಳೆ. ಆ ಹಾಳೆಯ ವಿಸ್ತೀರ್ಣದಿಂದಲೇ ತಂತಿಯ ಚಲನೆಯ ಸಮೀಕರಣ ಹೊರಡುತ್ತದೆ. ಬೋಸಾನಿಕ್ ಸ್ಟ್ರಿಂಗಿಗೆ (ಈ ಸಿದ್ಧಾಂತದ ಅತಿ ಸರಳ ರೂಪಕ್ಕೆ) ದೇಶಕಾಲದ 26 ಆಯಾಮ ಯಾಕೆ ಬೇಕು ಅನ್ನುವುದನ್ನೂ ನಾವೇ ಬಿಡಿಸಿ ನೋಡಬಹುದು, ಯಾರೋ ಹೇಳಿದರು ಅಂತ ನಂಬಬೇಕಿಲ್ಲ.

ಹಾಗಂತ ಇದೂ ಕಥೆಪುಸ್ತಕವಲ್ಲ. ವಿಶೇಷ ಸಾಪೇಕ್ಷತೆ, ವಿದ್ಯುತ್ಕಾಂತತೆ, ಕ್ವಾಂಟಮ್ ಮೆಕ್ಯಾನಿಕ್ಸ್ ಒಂದಿಷ್ಟಾದರೂ ಗೊತ್ತಿರಬೇಕು. ಗಣಿತ ಬೇಡವೇ ಬೇಡ ಅಂದರೆ ಬ್ರಯಾನ್ ಗ್ರೀನ್ ಅವರ 1999ರ ಜನಪ್ರಿಯ ಪುಸ್ತಕ ‘ದಿ ಎಲಿಗೆಂಟ್ ಯೂನಿವರ್ಸ್’ ಓದಿ. ಆದರೆ ಅದನ್ನು ಓದಿ ವಿಷಯ ಕಲಿತೆ ಅಂದುಕೊಳ್ಳಬೇಡಿ. ಈಜಿನ ಬಗ್ಗೆ ಓದಿದ್ದಕ್ಕೂ ನೀರಿಗಿಳಿದಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ?

ನಿಮ್ಮ ವಿಜ್ಞಾನ ಪುಟದಲ್ಲಿ ಪುಸ್ತಕ ಪರಿಚಯ ಮಾಡುವಾಗ, ಓದಲು ಮೊದಲೇ ಏನೇನು ತಿಳಿದಿರಬೇಕು ಅಂತ ಒಂದು ಸಾಲು ಹಾಕಿ.

— ಒಬ್ಬ ಓದುಗ