ಆಲ್ ಇನ್‌ಕ್ಲೂಸಿವ್ ರೆಸಾರ್ಟ್: ಮುಂಗಡ ಕೊಡುವ ಮೊದಲು ಪಟ್ಟಿ ಕೇಳಿ

ಮಾನ್ಯ ಸಂಪಾದಕರೇ,

ಮದುವೆಯ ಸೀಸನ್ ಬಂತೆಂದರೆ ಉಪ್ಪಳ, ಕುಂಬಳೆ, ಕಾಸರಗೋಡು, ಬದಿಯಡ್ಕದ ಟ್ರಾವೆಲ್ಸ್ ಅಂಗಡಿಗಳಲ್ಲಿ ಮಾಲ್ದೀವ್ಸ್ ಪ್ಯಾಕೇಜಿನ ವಿಚಾರಣೆ ಜೋರಾಗುತ್ತದೆ. "ನಾಲ್ಕು ರಾತ್ರಿ, ಆಲ್ ಇನ್‌ಕ್ಲೂಸಿವ್, ಅಡಲ್ಟ್ಸ್ ಓನ್ಲಿ" ಎಂಬ ಒಂದು ಸಾಲು, ಕೆಳಗೊಂದು ಮೊತ್ತ. ಆಲ್ ಇನ್‌ಕ್ಲೂಸಿವ್ ಎಂದರೆ ವಸತಿ, ಊಟ, ಪಾನೀಯ ಎಲ್ಲ ಒಂದೇ ದರದಲ್ಲಿ ಎಂಬ ಲೆಕ್ಕ. ಇಷ್ಟನ್ನೇ ನೋಡಿ ಮುಂಗಡ ಕೊಡುವವರು ಹೆಚ್ಚು. ಹೊಸ ದಂಪತಿಗಳು ಮಾತ್ರವಲ್ಲ, ಷಷ್ಟ್ಯಬ್ದಿ ಮುಗಿಸಿದ ಅಪ್ಪ ಅಮ್ಮನಿಗೆ ಕೊಲ್ಲಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಕೊಡಿಸುವ ಉಡುಗೊರೆಯೂ ಈಗ ಇದೇ ಆಗಿದೆ. ಪ್ರವಾಸದ ಬುಕಿಂಗ್ ಮತ್ತು ಹೋಟೆಲು ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಅಂಥವರಿಗಾಗಿ. ಮುಂಗಡ ಕೊಡುವ ಮೊದಲು ದರದಲ್ಲಿ ಏನೇನು ಸೇರಿದೆ, ಏನೇನು ಸೇರಿಲ್ಲ ಎಂಬ ಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಆ ಪಟ್ಟಿಯಲ್ಲಿ ಏನನ್ನು ಹುಡುಕಬೇಕು ಎಂಬುದನ್ನು ಮುಂದೆ ವಿವರಿಸಿದ್ದೇವೆ.

ಮೊದಲಿಗೆ ವಯಸ್ಸಿನ ಮಾತು. ಅಡಲ್ಟ್ಸ್ ಓನ್ಲಿ ಎಂದ ಕೂಡಲೇ ಮುಜುಗರಪಡುವುದಕ್ಕೇನೂ ಇಲ್ಲ. ಮಕ್ಕಳಿಗೆ ಪ್ರವೇಶವಿಲ್ಲದ ಹೋಟೆಲು, ಅಷ್ಟೆ. ಈಜುಕೊಳದಲ್ಲಿ ಗದ್ದಲವಿಲ್ಲ, ಊಟದ ಹೊತ್ತಿನಲ್ಲಿ ಓಡಾಟವಿಲ್ಲ. ಅರುವತ್ತು ದಾಟಿದವರಿಗೆ ಇದಕ್ಕಿಂತ ಹಿತವಾದ ಜಾಗ ಸಿಗುವುದು ಕಷ್ಟ. ಆದರೆ ವಯಸ್ಸಿನ ಗಡಿ ಎಲ್ಲ ಕಡೆ ಒಂದೇ ಅಲ್ಲ. ಕೆಲವೆಡೆ 18, ಕೆಲವೆಡೆ 16, ಇನ್ನು ಕೆಲವೆಡೆ 12. ಕೆಲವು ರೆಸಾರ್ಟ್‌ಗಳಲ್ಲಿ ಒಂದು ಈಜುಕೊಳ, ಒಂದು ರೆಸ್ಟೋರೆಂಟ್ ಮಾತ್ರ ದೊಡ್ಡವರಿಗೆ ಮೀಸಲು, ಉಳಿದದ್ದೆಲ್ಲ ಎಲ್ಲರಿಗೂ. ಮೊಮ್ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗೋಣ ಎಂದು ಕೊನೆಗಳಿಗೆಯಲ್ಲಿ ಹೊರಟರೆ ಚೆಕ್ ಇನ್ ಕೌಂಟರಿನಲ್ಲೇ ತಡೆಯುತ್ತಾರೆ, ಕೊಟ್ಟ ಹಣವೂ ಸಾಮಾನ್ಯವಾಗಿ ಮರಳುವುದಿಲ್ಲ.

ಇನ್ನು ಊಟದ ಪ್ಲಾನ್. ನಮ್ಮ ದೇಶದ ಹೋಟೆಲುಗಳಲ್ಲಿ ಇಪಿ ಎಂದರೆ ಕೋಣೆ ಮಾತ್ರ, ಸಿಪಿ ಎಂದರೆ ಬೆಳಗಿನ ತಿಂಡಿ ಸಹಿತ, ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ, ಎಪಿ ಎಂದರೆ ಮೂರೂ ಹೊತ್ತು. ಇವುಗಳಲ್ಲಿ ಯಾವುದರಲ್ಲೂ ಪಾನೀಯ ಸೇರಿಲ್ಲ. ನಮ್ಮ ಜಿಲ್ಲೆಯ ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿ, 1995ರಲ್ಲಿ ಬೇಕಲ ರೆಸಾರ್ಟ್ಸ್ ಅಭಿವೃದ್ಧಿ ನಿಗಮ (ಬಿಆರ್‌ಡಿಸಿ) ಸ್ಥಾಪನೆಯಾದ ಮೇಲೆ ನಮ್ಮ ಕರಾವಳಿಯವರಿಗೆ ರೆಸಾರ್ಟ್ ಹೊಸತಲ್ಲ. ಹಾಗಾಗಿ ಇಲ್ಲಿ ಕಂಡ ಲೆಕ್ಕವನ್ನೇ ಹೊರದೇಶಕ್ಕೂ ಹಿಡಿಯುತ್ತಾರೆ. ಮಾಲ್ದೀವ್ಸಿನಲ್ಲಿ ಹಾಫ್ ಬೋರ್ಡ್ ಎಂದರೆ ತಿಂಡಿ ಮತ್ತು ರಾತ್ರಿಯೂಟ, ಫುಲ್ ಬೋರ್ಡ್ ಎಂದರೆ ಮೂರು ಹೊತ್ತು. ಆಲ್ ಇನ್‌ಕ್ಲೂಸಿವ್ ಎಂದರೆ ಅದರ ಮೇಲೆ ಪಾನೀಯ, ಸಂಜೆಯ ಚಹಾ ತಿಂಡಿ, ಒಂದೆರಡು ವಿಹಾರ. ಫುಲ್ ಬೋರ್ಡಿನಲ್ಲಿ ಕುಡಿಯುವ ನೀರು ಸೇರಿದೆಯೇ ಎಂದು ಕೂಡ ಕೇಳಬೇಕು. ಕೆಲವು ದ್ವೀಪಗಳಲ್ಲಿ ಊಟದ ಮೇಜಿನ ನೀರಿನ ಬಾಟಲಿಗೂ ಬೇರೆಯೇ ಬಿಲ್ಲು.

ಈ ವ್ಯವಸ್ಥೆಯಲ್ಲಿ ಹೊರಗುಳಿಯುವ ಬಾಬತ್ತುಗಳು ಮೊದಲಿನಿಂದಲೂ ಇದ್ದವು. 1950ರಲ್ಲಿ ಸ್ಪೇನಿನ ಮಯೋರ್ಕ ದ್ವೀಪದಲ್ಲಿ ಕ್ಲಬ್ ಮೆಡ್ ಶುರುವಾದಾಗ ವಸತಿ, ಊಟ, ಆಟ ಎಲ್ಲದಕ್ಕೂ ಒಂದೇ ಶುಲ್ಕ ಎಂಬ ಪದ್ಧತಿ ಬಂತು. ಆದರೆ ಮುಂದೆ ಅಲ್ಲಿಯೂ ಬಾರಿನಲ್ಲಿ ಕುಡಿಯಬೇಕಾದರೆ ಕೊರಳಿನ ಸರದ ಮಣಿ ಬಿಚ್ಚಿ ಕೊಡಬೇಕಿತ್ತು, ಆ ಮಣಿಗಳಿಗೆ ಬೇರೆ ದುಡ್ಡು. ಇಂದಿನ ದರಪಟ್ಟಿಗಳಲ್ಲಿ ಸಾಮಾನ್ಯವಾಗಿ ಹೊರಗಿರುವವು ಇವು: ಸ್ಪಾ, ಜೆಟ್ ಸ್ಕೀ ಮತ್ತು ಪ್ಯಾರಾಸೈಲಿಂಗಿನಂಥ ಯಂತ್ರದ ಜಲಕ್ರೀಡೆ, ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವುದು), ಮರಳಿನ ಮೇಲೆ ಇಬ್ಬರಿಗೇ ಮೇಜು ಹಾಕುವ ಊಟ, ಲಾಬ್‌ಸ್ಟರ್, ಬಾಟಲಿ ಲೆಕ್ಕದ ವೈನ್, ಬಟ್ಟೆ ಒಗೆತ. ಕಯಾಕ್, ಪ್ಯಾಡಲ್ ಬೋರ್ಡ್, ಸ್ನಾರ್ಕೆಲ್ ಸಾಮಾನು ಹೆಚ್ಚಿನ ಕಡೆ ಸೇರಿರುತ್ತವೆ. ಮದ್ಯ ಸೇರಿದೆ ಎಂದರೂ ರೆಸಾರ್ಟ್ ಗೊತ್ತುಮಾಡಿದ ಬ್ರ್ಯಾಂಡುಗಳು ಮಾತ್ರ, ಅದಕ್ಕೆ ಮೇಲಿನದು ಬೇಕೆಂದರೆ ಪ್ರೀಮಿಯಂ ಎಂಬ ಇನ್ನೊಂದು ಪ್ಲಾನ್. ಕೋಣೆಯ ಮಿನಿಬಾರನ್ನು (ಪಾನೀಯ ಇಡುವ ಸಣ್ಣ ಫ್ರಿಜ್ಜನ್ನು) ದಿನಕ್ಕೊಮ್ಮೆ ತುಂಬಿಸುತ್ತಾರೋ, ಬಂದ ದಿನ ಮಾತ್ರವೋ ಎಂಬುದನ್ನೂ ಪಟ್ಟಿಯಲ್ಲಿ ನೋಡಿ.

ಹಣದ ಲೆಕ್ಕದಲ್ಲಿ ಜನ ಎಡವುವುದು ದರದ ಪಕ್ಕದಲ್ಲಿರುವ ಎರಡು ಪ್ಲಸ್ (++) ಚಿಹ್ನೆಗಳಲ್ಲಿ. ದರದ ಮೇಲೆ ಇನ್ನೂ ಎರಡು ಬಾಬತ್ತು ಸೇರುತ್ತವೆ ಎಂಬುದೇ ಅವುಗಳ ಅರ್ಥ. ಮಾಲ್ದೀವ್ಸಿನಲ್ಲಿ ಬೆಲೆಯ ಮೇಲೆ ಶೇ. 10 ಸೇವಾ ಶುಲ್ಕ, ಅದನ್ನು ಕೂಡಿಸಿದ ಮೊತ್ತದ ಮೇಲೆ ಪ್ರವಾಸೋದ್ಯಮ ಜಿಎಸ್‌ಟಿ. ಈ ಜಿಎಸ್‌ಟಿ 2025ರ ಜುಲೈ 1ರಿಂದ ಶೇ. 17 ಆಗಿದೆ. ಅಂದರೆ 100 ಡಾಲರಿನ ವಸ್ತು ಮೊದಲು 110 ಆಗಿ, ಆಮೇಲೆ 128.70 ಆಗುತ್ತದೆ. ಇದಲ್ಲದೆ ರೆಸಾರ್ಟಿನಲ್ಲಿ ತಂಗುವ ಪ್ರತಿಯೊಬ್ಬರಿಗೂ ರಾತ್ರಿಗೆ 12 ಡಾಲರ್ ಗ್ರೀನ್ ಟ್ಯಾಕ್ಸ್ ಎಂಬ ಪರಿಸರ ತೆರಿಗೆ. 2025ರ ಜನವರಿಗೆ ಮುಂಚೆ ಇದು 6 ಡಾಲರ್ ಇತ್ತು, ಹಳೆಯ ದರಪಟ್ಟಿ ಇಟ್ಟುಕೊಂಡು ಲೆಕ್ಕ ಹೇಳುವವರು ಇನ್ನೂ ಇದ್ದಾರೆ. ಇಬ್ಬರಿಗೆ ನಾಲ್ಕು ರಾತ್ರಿಗೆ ಗ್ರೀನ್ ಟ್ಯಾಕ್ಸೇ 96 ಡಾಲರ್. "ನೀವು ಹೇಳಿದ ಮೊತ್ತದಲ್ಲಿ ಸೇವಾ ಶುಲ್ಕ, ಜಿಎಸ್‌ಟಿ, ಗ್ರೀನ್ ಟ್ಯಾಕ್ಸ್ ಮೂರೂ ಸೇರಿವೆಯೇ?" ಎಂದು ಕೇಳಿ, ಹೌದು ಎಂಬ ಉತ್ತರವನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.

ಆಲ್ ಇನ್‌ಕ್ಲೂಸಿವ್ ಲಾಭವೋ ನಷ್ಟವೋ ಎಂದು ನೋಡುವುದಕ್ಕೆ ದೊಡ್ಡ ಗಣಿತ ಬೇಡ. ಅದೇ ಕೋಣೆಗೆ ಫುಲ್ ಬೋರ್ಡ್ ದರವನ್ನೂ ಕೇಳಿ, ವ್ಯತ್ಯಾಸವನ್ನು ತಲಾ ದಿನಕ್ಕೆ ಹಂಚಿ. ಉದಾಹರಣೆಗೆ ವ್ಯತ್ಯಾಸ ತಲಾ ದಿನಕ್ಕೆ 90 ಡಾಲರ್ ಎಂದಿಟ್ಟುಕೊಳ್ಳಿ. ಮೆನುವಿನಲ್ಲಿ 14 ಡಾಲರ್ ಇರುವ ಕಾಕ್‌ಟೇಲ್ ತೆರಿಗೆ ಸೇರಿ 18 ಡಾಲರ್ ಆಗುತ್ತದೆ. ದಿನಕ್ಕೆ ಐದು ಲೋಟ ಕುಡಿದರೆ ಸರಿಸಮ, ಕಡಿಮೆಯಾದರೆ ನಷ್ಟ. ಮದ್ಯ ಮುಟ್ಟದ ದಂಪತಿಗೆ ಫುಲ್ ಬೋರ್ಡ್ ತೆಗೆದುಕೊಂಡು ಚಹಾ, ಎಳನೀರು, ಜ್ಯೂಸನ್ನು ಬಿಡಿಯಾಗಿ ಕೊಳ್ಳುವುದೇ ಹೆಚ್ಚಿನ ಸಲ ಅಗ್ಗ. ಇದನ್ನು ಹೇಳಿದರೆ ಕಮಿಷನ್ ಕಡಿಮೆಯಾಗುತ್ತದೆ, ಆದರೂ ಗಿರಾಕಿಗೆ ಹೇಳಲೇಬೇಕಾದ ಮಾತು ಇದು. ಕೆಲವು ಕಡೆ ಮದ್ಯವಿಲ್ಲದ ಆಲ್ ಇನ್‌ಕ್ಲೂಸಿವ್ ದರವೂ ಇರುತ್ತದೆ, ಕೇಳಿದರೆ ಮಾತ್ರ ಕೊಡುತ್ತಾರೆ.

ಪ್ಲಾನಿಗೆ ಸಮಯದ ಗಡಿಯೂ ಇದೆ. ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3 ಗಂಟೆಗೆ, ಚೆಕ್ ಔಟ್ 11 ಅಥವಾ 12ಕ್ಕೆ. ಕೋಣೆ ಬಿಟ್ಟ ಕೂಡಲೇ ಹಲವೆಡೆ ಪ್ಲಾನ್ ಮುಗಿಯುತ್ತದೆ. ದೋಣಿ ಸಂಜೆ ಆರಕ್ಕಾದರೆ ಆ ದಿನದ ಮಧ್ಯಾಹ್ನದ ಊಟ ನಿಮ್ಮ ಖರ್ಚಿನದು. ಬಫೆ ಅಲ್ಲದ ವಿಶೇಷ ರೆಸ್ಟೋರೆಂಟುಗಳಲ್ಲಿ ಹಲವೆಡೆ ಒಮ್ಮೆ ಮಾತ್ರ ಊಟ, ಅದಕ್ಕೂ ಮೊದಲೇ ಮೇಜು ಕಾದಿರಿಸಬೇಕು. ಇಳಿದ ದಿನವೇ ರಿಸೆಪ್ಷನ್ನಿನಲ್ಲಿ ಉಳಿದ ದಿನಗಳಿಗೆಲ್ಲ ಬರೆಸಿಬಿಡಿ. ನಾಳೆ ನೋಡೋಣ ಎಂದರೆ ಒಳ್ಳೆಯ ಸಮಯಗಳೆಲ್ಲ ತುಂಬಿಹೋಗಿರುತ್ತವೆ.

ಊರಿನಿಂದ ತಲುಪುವ ದಾರಿಯಲ್ಲಿ ಒಂದು ತೊಡಕಿದೆ. ರಾಜಧಾನಿ ಮಾಲೆಯಿಂದ ದೂರದ ದ್ವೀಪಗಳಿಗೆ ಹೋಗುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ) ಹಗಲಿನಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಧ್ಯಾಹ್ನ ಮೂರೂವರೆಯ ನಂತರ ಮಾಲೆಗೆ ಇಳಿದರೆ ಆ ರಾತ್ರಿ ಅಲ್ಲೇ ಎಲ್ಲಾದರೂ ತಂಗಬೇಕಾಗಬಹುದು. ರೆಸಾರ್ಟಿನ ಒಂದು ರಾತ್ರಿಯ ಹಣ ಹೋದ ಹಾಗೆಯೇ. ಕಾಸರಗೋಡಿನವರು ಕೊಚ್ಚಿಯಿಂದ ಹೋಗುವುದಾದರೆ ಹಿಂದಿನ ದಿನವೇ ರೈಲು ಹಿಡಿದು ಆಲುವಾ ಅಥವಾ ಅಂಗಮಾಲಿಯಲ್ಲಿ ಇಳಿಯಿರಿ, ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ಎರಡೂ ಹತ್ತಿರ. ಎರ್ನಾಕುಳಂವರೆಗೆ ಹೋಗಿ ಹಿಂದೆ ಬರುವ ಅಗತ್ಯವಿಲ್ಲ. ಸೀಪ್ಲೇನಿನಲ್ಲಿ ತಲಾ 20 ಕೆ.ಜಿ. ಲಗೇಜು, 5 ಕೆ.ಜಿ. ಕೈಚೀಲ, ಮೀರಿದ್ದಕ್ಕೆ ಕಿಲೋ ಲೆಕ್ಕದಲ್ಲಿ ಶುಲ್ಕ. ಈ ಸೀಪ್ಲೇನ್ ಅಥವಾ ಸ್ಪೀಡ್ ಬೋಟಿನ ದುಡ್ಡು ಪ್ಯಾಕೇಜಿನಲ್ಲಿ ಇದೆಯೋ ಇಲ್ಲವೋ ಎಂಬುದು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಸೀಪ್ಲೇನಾದರೆ ಹೋಗಿಬರುವುದಕ್ಕೆ ತಲಾ ನಾನ್ನೂರು, ಐನೂರು ಡಾಲರ್ ಆಗುವುದು ಸಾಮಾನ್ಯ.

ಭಾರತೀಯರಿಗೆ ಮಾಲ್ದೀವ್ಸಿನಲ್ಲಿ ಪ್ರವಾಸಿ ವೀಸಾ ಇಳಿದ ಮೇಲೆಯೇ ಉಚಿತವಾಗಿ ಸಿಗುತ್ತದೆ. ಇಮುಗಾ ಎಂಬ ಸರಕಾರಿ ಜಾಲತಾಣದಲ್ಲಿ ಪ್ರಯಾಣಕ್ಕೆ ಮುಂಚಿನ 96 ಗಂಟೆಗಳೊಳಗೆ ವಿವರ ತುಂಬಬೇಕು, ಮರಳುವಾಗಲೂ ಅಷ್ಟೆ. ಇದಕ್ಕೆ ಒಂದು ರೂಪಾಯಿಯೂ ಇಲ್ಲ. ದುಡ್ಡು ಕೇಳುವ ಜಾಲತಾಣ ನಕಲಿ ಅಥವಾ ದಲ್ಲಾಳಿಯದು. ಮದ್ಯದ ಬಾಟಲಿ, ಹಂದಿಮಾಂಸದ ಪದಾರ್ಥ, ವೇಪ್ (ಇ-ಸಿಗರೇಟ್) ಒಯ್ಯುವಂತಿಲ್ಲ. ರೆಸಾರ್ಟಿನೊಳಗೆ ಮದ್ಯ ಸಿಗುತ್ತದೆ, ಊರಿನ ಜನ ವಾಸಿಸುವ ದ್ವೀಪಗಳ ಗೆಸ್ಟ್‌ಹೌಸುಗಳಲ್ಲಿ ಇಲ್ಲ. ಅಂಥ ಗೆಸ್ಟ್‌ಹೌಸಿನ ಕೋಣೆಗೆ ಆಲ್ ಇನ್‌ಕ್ಲೂಸಿವ್ ಎಂದು ಬರೆದಿದ್ದರೆ ಅದರ ಅರ್ಥ ಊಟ, ಜ್ಯೂಸು ಮಾತ್ರ.

ಬ್ಯಾಂಕಿನ ಕಾರ್ಡಿನಲ್ಲಿ ವಿದೇಶಿ ವ್ಯವಹಾರವನ್ನು ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟುಕೊಳ್ಳಿ. ಕಾರ್ಡ್ ಉಜ್ಜುವಾಗ ಯಂತ್ರ ಡಾಲರೋ ರೂಪಾಯಿಯೋ ಎಂದು ಕೇಳಿದರೆ ಡಾಲರ್ ಎನ್ನಿ, ರೂಪಾಯಿ ಎಂದರೆ ಅವರ ವಿನಿಮಯ ದರ ಬೀಳುತ್ತದೆ. ಪ್ಯಾಕೇಜಿನ ಮೇಲೆ ಏಜೆಂಟರು ಹಿಡಿಯುವ ಟಿಸಿಎಸ್ (ಹಣ ಪಡೆಯುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ನಷ್ಟವಲ್ಲ. ನಿಮ್ಮ ಪ್ಯಾನ್ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ಇಲಾಖೆಯಲ್ಲಿರುವ ನಿಮ್ಮ ತೆರಿಗೆ ವಿವರದಲ್ಲಿ ಕಾಣಿಸುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಮಕ್ಕಳು ಕೊಡಿಸುವ ಪ್ರವಾಸವಾದರೆ ಯಾರ ಪ್ಯಾನ್ ಹಾಕುವುದು ಎಂದು ಮೊದಲೇ ತೀರ್ಮಾನಿಸಿ.

ಸಸ್ಯಾಹಾರಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಬಫೆಯಲ್ಲಿ ತರಕಾರಿ ಕಂಡರೆ ಸಾಲದು. ಥಾಯ್ ಸಾರಿನ ಮಸಾಲೆಯಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ಚೀನೀ ತರಕಾರಿ ಪಲ್ಯಕ್ಕೆ ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಬಿದ್ದಿರುತ್ತದೆ, ಸೂಪಿನ ನೀರು ಕೋಳಿಯದ್ದಾಗಿರಬಹುದು, ಬಾಯಲ್ಲಿ ಕರಗುವ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ಮಾಲ್ದೀವ್ಸಿನ ಅಡುಗೆಯಲ್ಲಂತೂ ಟ್ಯೂನಾ ಮೀನು ಎಲ್ಲಿ ಸೇರಿದೆ ಎಂದು ನೋಟಕ್ಕೆ ತಿಳಿಯದು. ಬುಕಿಂಗ್ ಸಮಯದಲ್ಲೇ "ಮೀನು, ಮಾಂಸ, ಮೊಟ್ಟೆ, ಜೆಲಟಿನ್ ಬೇಡ" ಎಂದು ಬಿಡಿಸಿ ಬರೆಸಿ. ಬರೇ "ವೆಜ್" ಎಂದರೆ ಮೊಟ್ಟೆ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿದ್ದರೆ ಅದನ್ನೂ ಸೇರಿಸಿ. ಅಲ್ಲಿಗೆ ತಲುಪಿದ ದಿನ ಊಟಕ್ಕೆ ಕೂರುವ ಮೊದಲು ಶೆಫ್‌ರನ್ನು ಕರೆಸಿ ಮಾತಾಡಿ. ದೊಡ್ಡ ರೆಸಾರ್ಟುಗಳ ಅಡುಗೆಮನೆಯಲ್ಲಿ ಭಾರತೀಯರು ಇರುವುದು ಸಾಮಾನ್ಯ, ಕೇಳಿದರೆ ಅನ್ನ, ದಾಲು, ಮೊಸರು ಮಾಡಿಕೊಡುತ್ತಾರೆ. ಕುಚ್ಚಲಕ್ಕಿ ಗಂಜಿಯೇ ಆಗಬೇಕೆನ್ನುವ ಹಿರಿಯರಿಗೆ ಅದು ಸಿಗುವುದಿಲ್ಲ ಎಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಸಮುದ್ರದ ವಿಷಯ. ಡಿಸೆಂಬರಿನಿಂದ ಎಪ್ರಿಲ್‌ವರೆಗೆ ಒಣ ಹವೆ, ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಳಿ, ದರವೂ ಅದಕ್ಕೆ ತಕ್ಕಂತೆ. ಕೆಂಪು ಬಾವುಟ ಹಾರಿದಾಗ ನೀರಿಗಿಳಿಯಬೇಡಿ. ಕುಡಿದು ಈಜುವುದು ಪ್ರಾಣಕ್ಕೆ ಅಪಾಯ, ಜೊತೆಗೆ ಮದ್ಯ ಸೇವಿಸಿದಾಗ ಆದ ಅವಘಡಕ್ಕೆ ಪ್ರವಾಸ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಸ್ಕೂಬಾ ಮಾಡಿದ ಮೇಲೆ ವಿಮಾನ ಏರುವುದಕ್ಕೆ ಕನಿಷ್ಠ 18 ಗಂಟೆ ಬಿಡಬೇಕು. ನೀರಿನಾಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಎತ್ತರಕ್ಕೆ ಹೋದಾಗ ಗುಳ್ಳೆಯಾಗಿ ಕೀಲು, ನರಗಳಿಗೆ ಹಾನಿ ಮಾಡುತ್ತದೆ. ಸೀಪ್ಲೇನಿಗೂ ಈ ನಿಯಮ ಅನ್ವಯ. ಆದ್ದರಿಂದ ಕೊನೆಯ ದಿನಕ್ಕೆ ಸ್ಕೂಬಾ ಇಟ್ಟುಕೊಳ್ಳಬೇಡಿ.

ಹೊರದೇಶ ಬೇಡ, ಬೇಕಲದಲ್ಲೇ ಎರಡು ದಿನ ಇರುತ್ತೇವೆ ಎನ್ನುವವರಿಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಶೇ. 5, ಅದಕ್ಕೂ ಮೇಲಾದರೆ ಶೇ. 18 ಜಿಎಸ್‌ಟಿ. ಕೇರಳದಲ್ಲಿ ಮದ್ಯ ಸೇವನೆಗೆ 23 ವರ್ಷ ತುಂಬಿರಬೇಕು, ತಿಂಗಳ ಮೊದಲ ದಿನ ಸಾಮಾನ್ಯವಾಗಿ ಮದ್ಯ ಸಿಗದ ಡ್ರೈ ಡೇ. ತಾರೀಖು ಗೊತ್ತುಮಾಡುವಾಗ ಗಡಿಯಾಚೆ ಕರ್ನಾಟಕದಿಂದ ಬರುವ ನೆಂಟರಿಗೂ ಇದನ್ನು ತಿಳಿಸಿ.

ಬರೆದುಕೊಟ್ಟದ್ದು ಸಿಗದಿದ್ದರೆ ಅಲ್ಲಿರುವಾಗಲೇ ಮ್ಯಾನೇಜರಿಗೆ ಇಮೇಲ್ ಮಾಡಿ, ಬಿಲ್ಲಿನ ಫೋಟೊ ತೆಗೆದಿಡಿ. ಊರಿಗೆ ಬಂದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ಇ-ಜಾಗೃತಿ ಪೋರ್ಟಲ್ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ರಕ್ಷಣೆ ಕಾಯ್ದೆಯ ಪ್ರಕಾರ ಏಜೆಂಟರ ಕಚೇರಿ ಮುಂಬಯಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ಅಲ್ಲಿ ನಿಲ್ಲುವುದು ಬರಹದ ಪಟ್ಟಿ ಮಾತ್ರ, ಅಂಗಡಿಯಲ್ಲಿ ಕೇಳಿದ ಬಾಯಿಮಾತಲ್ಲ.

ನಮ್ಮ ವೃತ್ತಿಬಾಂಧವರಲ್ಲಿ ಒಂದು ಕೋರಿಕೆ. ರೆಸಾರ್ಟ್ ಕಳಿಸುವ ವಿವರಪಟ್ಟಿ ಇಂಗ್ಲಿಷಿನಲ್ಲಿರುತ್ತದೆ, ಇಲ್ಲಿಯ ಅಂಗಡಿಗಳು ಹೆಚ್ಚೆಂದರೆ ಮಲಯಾಳದಲ್ಲಿ ವಿವರಿಸುತ್ತವೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡವನ್ನಷ್ಟೇ ಸರಾಗವಾಗಿ ಓದಬಲ್ಲ ಹಿರಿಯರು ಬಹಳ ಮಂದಿ ಇದ್ದಾರೆ, ಪ್ರವಾಸಕ್ಕೆ ಹೊರಡುವವರಲ್ಲೂ ಇದ್ದಾರೆ. ಸೇರಿದ್ದು, ಸೇರದ್ದು, ತೆರಿಗೆ, ಸೀಪ್ಲೇನ್, ರದ್ದುಮಾಡಿದರೆ ಎಷ್ಟು ಕಡಿತ, ಈ ಐದನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಟೈಪು ಮಾಡಿ, ಮುಂಗಡದ ರಸೀದಿಯ ಜೊತೆಗೆ ಸಹಿ ಹಾಕಿ ಕೊಡಿ.

ಇತಿ,
ಪ್ರವಾಸ ಮತ್ತು ಹೋಟೆಲು ಉದ್ಯೋಗದಲ್ಲಿರುವ ಕನ್ನಡಿಗರು
ಕಾಸರಗೋಡು