ವೈರಲ್ ಲೋಡ್ ಕೇಳಿದ್ದಾಯ್ತು, ಬಿಪಿ ನೋಡಿದ್ರಾ?

ಮಾನ್ಯ ಸಂಪಾದಕರೇ,

ಎಚ್‌ಐವಿ ಇರುವ ಗರ್ಭಿಣಿಯರ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ಮಾತು ಮಗುವಿಗೆ ಸೋಂಕು ತಗಲುತ್ತದೋ ಇಲ್ಲವೋ ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ತಪ್ಪೇನಲ್ಲ. ಔಷಧಿ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಗಲಬಹುದಾದ ಸೋಂಕು, ತಾಯಿ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ) ಮಾತ್ರೆ ಸರಿಯಾಗಿ ನುಂಗಿದರೆ 5ಕ್ಕಿಂತ ಕೆಳಗಿಳಿಯುತ್ತದೆ. ಆದರೆ ತಾಯಿಯ ಆರೋಗ್ಯ? ನಾನು ಹೆರಿಗೆ ವಾರ್ಡಿನ ನರ್ಸ್, ಕಂಡದ್ದನ್ನೇ ಹೇಳುತ್ತೇನೆ.

ಏಳು ತಿಂಗಳ ಗರ್ಭಿಣಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಚೆನ್ನಾಗಿ ಇಳಿದಿದೆ, ಫೈಲಿನ ತುಂಬ ಟಿಕ್ ಮಾರ್ಕು. ಮೂರು ದಿನದಿಂದ ತಲೆನೋವು, ಕಣ್ಣು ಮಂಜಾಗುತ್ತಿದೆ ಅಂತ ಮಾತ್ರೆ ಕೊಡುವ ಕಡೆ ಹೇಳಿದ್ದಾಳೆ. "ಮಾತ್ರೆ ಸೈಡ್ ಎಫೆಕ್ಟ್ ಇರ್ಬೇಕಮ್ಮ, ಸರಿ ಹೋಗುತ್ತೆ" ಅಂತ ಕಳಿಸಿದ್ದಾರೆ. ನಮ್ಮಲ್ಲಿಗೆ ಬಂದಾಗ ಬಿಪಿ 170/110. ಮ್ಯಾಗ್ನೀಷಿಯಂ ಸಲ್ಫೇಟ್ ಹಾಕಿ ಫಿಟ್ಸ್ ಬಾರದಂತೆ ತಡೆದೆವು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ಈ ಕಾಯಿಲೆ ವಾಸಿಯಾಗಲು ಮಗು, ಮಾಸು ಎರಡೂ ಹೊರಗೆ ಬರಲೇಬೇಕು, ಬೇರೆ ದಾರಿ ಇಲ್ಲ.

ಇದೇ ಪ್ರಿಎಕ್ಲಾಂಪ್ಸಿಯಾ. ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಬಿಪಿ 140/90 ದಾಟುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಇಲ್ಲವೇ ಲಿವರ್, ಕಿಡ್ನಿ, ರಕ್ತದಲ್ಲಿ ಏರುಪೇರಾಗುತ್ತದೆ. ಎಚ್‌ಐವಿ ಇದ್ದವರಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ, ಯಾಕೆಂದರೆ ಪ್ರೋಟೀನ್ ಕಂಡರೆ ಅದು ಎಆರ್‌ಟಿಯಲ್ಲಿರುವ ಟೆನೊಫೊವಿರ್ ಅನ್ನುವ ಔಷಧಿಯಿಂದಲೂ ಇರಬಹುದು, ವೈರಸ್ಸೇ ಕಿಡ್ನಿಗೆ ಮಾಡಿದ ಹಾನಿಯೂ ಇರಬಹುದು. ಲಿವರ್ ಪರೀಕ್ಷೆ ಏರಿದರೂ ಕೆಲವು ಎಆರ್‌ಟಿ ಔಷಧಿಗಳ ಮೇಲೆ ಅನುಮಾನ ಬರುತ್ತದೆ. ಬಸಿರಾದ ಮೊದಲ ತಿಂಗಳುಗಳಲ್ಲೇ ಬಿಪಿ, ಮೂತ್ರ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿ ಬರೆದಿಟ್ಟಿದ್ದರೆ ಆಮೇಲೆ ಹೋಲಿಸಿ ನೋಡಬಹುದು, ಅಲ್ವಾ? ಅದೊಂದು ಹಾಳೆ ಇಲ್ಲದೆ ಎಷ್ಟು ಸಲ ಒದ್ದಾಡಿದ್ದೇವೋ.

ಹಾಗಾದರೆ ಎಆರ್‌ಟಿಯಿಂದಲೇ ಬಿಪಿ ಏರುತ್ತದಾ ಅಂತ ಹೆಣ್ಣುಮಕ್ಕಳು ಹೆದರಿ ಕೇಳುತ್ತಾರೆ. ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಆದರೆ ಹೆದರಿ ಮಾತ್ರೆ ನಿಲ್ಲಿಸಿದರೆ ವೈರಸ್ ಮತ್ತೆ ಏರುವುದು ಖಂಡಿತ, ಆ ಕೆಲಸ ಮಾತ್ರ ಮಾಡಬೇಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದೇ ಇಲ್ಲ. ಪ್ರಿಎಕ್ಲಾಂಪ್ಸಿಯಾ ತಡೆಯಲು ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ ಇರುವವರಿಗೆ ಕ್ಯಾಲ್ಸಿಯಂ ಕೊಡುತ್ತಾರೆ, ಅಪಾಯ ಜಾಸ್ತಿ ಇರುವವರಿಗೆ 20 ವಾರಕ್ಕೆ ಮೊದಲೇ ಕಮ್ಮಿ ಡೋಸಿನ ಆಸ್ಪಿರಿನ್ ಶುರು ಮಾಡುತ್ತಾರೆ. ಈ ಕ್ಯಾಲ್ಸಿಯಂ, ಜೊತೆಗೆ ಕಬ್ಬಿಣದ ಮಾತ್ರೆ, ಎರಡೂ ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅನ್ನುವ ಎಆರ್‌ಟಿ ಔಷಧಿಯ ಜೊತೆ ಸೇರಿದರೆ ಆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಊಟದ ಜೊತೆ ನುಂಗಿದರೆ ತೊಂದರೆ ಇಲ್ಲ. ಇಲ್ಲವಾದರೆ ಡೊಲುಟೆಗ್ರಾವಿರ್ ಅನ್ನು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನುಂಗುವ 2 ಗಂಟೆ ಮೊದಲು ಅಥವಾ ನುಂಗಿದ 6 ಗಂಟೆ ನಂತರ ತೆಗೆದುಕೊಳ್ಳಬೇಕು. ಒಂದು ಕಡೆ ಎಆರ್‌ಟಿ ಕೊಡುತ್ತಾರೆ, ಇನ್ನೊಂದು ಕಡೆ ಕ್ಯಾಲ್ಸಿಯಂ ಕೊಡುತ್ತಾರೆ, ಇವರಿಗೂ ಅವರಿಗೂ ಮಾತೇ ಇಲ್ಲ.

ನಾನು ಕೇಳುತ್ತಿರುವುದು ಇಷ್ಟೇ: ಎಆರ್‌ಟಿ ಕೊಡುವ ಟೇಬಲ್ಲಿನ ಮೇಲೂ ಒಂದು ಬಿಪಿ ಮಷೀನ್ ಇರಲಿ, ಮೂತ್ರ ನೋಡುವ ಸ್ಟ್ರಿಪ್ ಇರಲಿ. ಹೆರಿಗೆಯಾದ ಮೇಲೂ ಕೆಲವು ವಾರ ಈ ಕಾಯಿಲೆ ಕಾಣಿಸಿಕೊಳ್ಳಬಹುದು. ಆರು ವಾರಕ್ಕೆ ಮಗುವಿನ ಎಚ್‌ಐವಿ ಪರೀಕ್ಷೆಗೆ ತಾಯಿ ಬಂದಾಗ ಎಲ್ಲರ ಕಣ್ಣೂ ಮಗುವಿನ ರಿಪೋರ್ಟ್ ಮೇಲೆ. ಅವಳನ್ನೂ ಕೂರಿಸಿ ಬಿಪಿ ನೋಡಿ.

— ಹೆರಿಗೆ ವಾರ್ಡಿನ ಒಬ್ಬ ನರ್ಸ್