ಮೊದಲ ಸ್ಥಾನ ಯಾರ ಪಟ್ಟಿಯಲ್ಲಿ?

ಮಾನ್ಯರೆ,

ಹಾಸನಾಂಬ ಕಲಾಕ್ಷೇತ್ರದಲ್ಲಿ ಸುಗಮ ಸಂಗೀತದ ಕಾರ್ಯಕ್ರಮ ಇದ್ದರೆ ಆಹ್ವಾನ ಪತ್ರಿಕೆಯಲ್ಲೂ ಮರುದಿನದ ಜಿಲ್ಲಾ ಪುಟದಲ್ಲೂ ಗಾಯಕರ ಪರಿಚಯ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ನೂರಾರು ಧ್ವನಿಸುರುಳಿ ಹೊರತಂದಿದ್ದಾರೆ, ಇವರ ಹಾಡು ಚಾರ್ಟ್‌ನಲ್ಲಿ, ಅಂದರೆ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೇರಿದೆ. ಯಾವ ಧ್ವನಿಸುರುಳಿ, ಯಾವ ಕಂಪನಿ, ಯಾವ ವರ್ಷ, ಯಾರ ಚಾರ್ಟ್, ಯಾವ ವಾರ ಎಂಬುದು ಮಾತ್ರ ಇರುವುದಿಲ್ಲ. ಈ ಐದು ವಿವರಗಳನ್ನು ಕೇಳಿ ಪಡೆದೇ ಅಚ್ಚು ಹಾಕಬೇಕೆಂದು ಕೋರಿ ಈ ಪತ್ರ.

ಮೊದಲು ಎಣಿಕೆಯ ಮಾತು. ಅವೇ ಎಂಟು ಹಾಡು ಎಲ್‌ಪಿ ತಟ್ಟೆಯಾಗಿ, ಆಮೇಲೆ ಕ್ಯಾಸೆಟ್ ಆಗಿ, ಸಿ.ಡಿ. ಆಗಿ, ಕೊನೆಗೆ ಮೊಬೈಲ್ ಆ್ಯಪ್‌ಗೆ ಬಂದರೆ ಅದು ನಾಲ್ಕು ಆಲ್ಬಂ ಅಲ್ಲ, ಒಂದೇ. ಆರು ಜನ ಹಾಡಿದ ಕ್ಯಾಸೆಟ್ಟಿನಲ್ಲಿ ಒಂದು ಹಾಡು ಹಾಡಿದವರ ಲೆಕ್ಕಕ್ಕೂ ಅದು ಇಡಿಯಾಗಿ ಸೇರಿಬಿಡುತ್ತದೆ. ಹಳೆಯ ಹಾಡುಗಳನ್ನೇ ಆಯ್ದು, ಹೊಸ ಹೊದಿಕೆ ಹಾಕಿ, ‘ಹಿಟ್ಸ್’ ಎಂದು ಮಾರಿದ್ದೂ ಸೇರುತ್ತದೆ. ಇವನ್ನೆಲ್ಲ ಕಳೆದರೆ ಸಂಖ್ಯೆ ತುಂಬಾ ಕೆಳಗೆ ಬರುತ್ತದೆ. ಬರಲಿ, ಅದರಿಂದ ಯಾವ ಗಾಯಕರ ಗೌರವವೂ ಕುಂದುವುದಿಲ್ಲ.

ಇದಕ್ಕೆಲ್ಲ ನಂಬಬಹುದಾದ ದಾಖಲೆ ಕ್ಯಾಸೆಟ್ ಡಬ್ಬಿಯೊಳಗಿನ ಮಡಿಚಿದ ಕಾಗದ. ಅದರ ಬೆನ್ನಿನ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕಂಪನಿಯ ಕ್ಯಾಟಲಾಗ್ ಸಂಖ್ಯೆ ಇರುತ್ತದೆ. ಹೆಸರು ಒಂದೇ ಆಗಿದ್ದು ಸಂಖ್ಯೆ ಬೇರೆಯಾಗಿದ್ದರೆ ಮರುಬಿಡುಗಡೆಯೋ ಬೇರೆ ಧ್ವನಿಮುದ್ರಣವೋ ಎಂದು ಹಾಡುಗಳ ಅವಧಿ ಹೋಲಿಸಿ ನೋಡಬೇಕು. ಕೊನೆಯ ಸಾಲಿನಲ್ಲಿ ಪುಟ್ಟ ವೃತ್ತದೊಳಗೆ ಇಂಗ್ಲಿಷ್‌ನ ‘ಪಿ’ ಅಕ್ಷರ, ಪಕ್ಕದಲ್ಲೊಂದು ವರ್ಷ: ಅದು ಧ್ವನಿಮುದ್ರಣ ಮೊದಲು ಪ್ರಕಟವಾದ ವರ್ಷ. ವೃತ್ತದೊಳಗೆ ‘ಸಿ’ ಇದ್ದರೆ ಅದು ಹೊದಿಕೆಯ ಚಿತ್ರ, ಬರಹಗಳ ಹಕ್ಕಿನ ವರ್ಷ. ಹೊದಿಕೆ ಬದಲಾದಾಗ ‘ಸಿ’ ವರ್ಷ ಬದಲಾಗಬಹುದು, ‘ಪಿ’ ವರ್ಷ ಹಳೆಯದೇ ಉಳಿಯಬೇಕು. ಎರಡನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಆ್ಯಪ್‌ನಲ್ಲಿ ಕಾಣುವ ವರ್ಷವನ್ನು ಹಾಗೇ ಎತ್ತಿಕೊಳ್ಳಬಾರದು. ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಆ ಕಾಲದ ಮುದ್ರಣಗಳಿಗೆ ಡಿಜಿಟಲ್ ರೂಪದಲ್ಲಿ ಏರಿಸಿದ ದಿನವೇ ಬಿಡುಗಡೆಯ ದಿನವೆಂದು ತೋರುವುದು ಮಾಮೂಲು. ಪ್ರತಿ ಮುದ್ರಣಕ್ಕೆ ಕೊಡುವ 12 ಅಕ್ಷರ–ಅಂಕಿಗಳ ಐಎಸ್‌ಆರ್‌ಸಿ ಸಂಕೇತದಲ್ಲಿರುವ ವರ್ಷದ ಎರಡು ಅಂಕಿ ಕೂಡ ಸಂಕೇತ ಕೊಟ್ಟ ವರ್ಷವನ್ನು ಹೇಳುತ್ತವೆ, ಹಾಡಿದ ವರ್ಷವನ್ನಲ್ಲ.

ಇನ್ನು ಚಾರ್ಟ್. ತಾವೇ ಬರೆದು, ರಾಗ ಹಾಕಿ, ಹಾಡುವವರ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಬರೆದದ್ದರ ಯಶಸ್ಸು ಬೇರೆ, ಹಾಡಿದ್ದರ ಯಶಸ್ಸು ಬೇರೆ. ಅಮೆರಿಕದ ಗಾಯಕ, ಗೀತಕಾರ ಬಾಬ್ ಡಿಲನ್ ಬರೆದ ಹಾಡೊಂದು 1965ರಲ್ಲಿ ದಿ ಬರ್ಡ್ಸ್ ತಂಡದ ದನಿಯಲ್ಲಿ ಅಲ್ಲಿನ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಡಿಲನ್ ತಾವೇ ಬರೆದು ಹಾಡಿದ ಇನ್ನೊಂದು ಹಾಡು ಎರಡನೇ ಸ್ಥಾನಕ್ಕೆ ನಿಂತಿತು. ಕೆನಡಾದ ಲಿಯೊನಾರ್ಡ್ ಕೊಹೆನ್ 1984ರಲ್ಲಿ ತಾವೇ ಬರೆದು ಹಾಡಿದ ‘ಹಲ್ಲೆಲೂಯಾ’ 2008ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಅಲೆಕ್ಸಾಂಡ್ರಾ ಬರ್ಕ್ ದನಿಯಲ್ಲಿ 1ನೇ ಸ್ಥಾನ, ಜೆಫ್ ಬಕ್ಲಿ ದನಿಯಲ್ಲಿ 2ನೇ ಸ್ಥಾನ, ಕೊಹೆನ್‌ರ ಸ್ವಂತ ದನಿಯಲ್ಲಿ 36ನೇ ಸ್ಥಾನ ಪಡೆಯಿತು. ನಮ್ಮ ಕ್ಯಾಸೆಟ್ ಕಾಗದದಲ್ಲಿ ಸಾಹಿತ್ಯ, ಸಂಗೀತ, ಗಾಯನ ಎಂದು ಮೂರು ಸಾಲು ಇರುವ ಹಾಗೆ ಪತ್ರಿಕೆಯ ಪರಿಚಯದಲ್ಲೂ ಮೂರನ್ನು ಬೇರೆ ಇಡಬೇಕು.

ಪಟ್ಟಿಗಳ ನಿಯಮವೂ ಕಾಲಕಾಲಕ್ಕೆ ಬದಲಾಗುತ್ತದೆ. 2017ರಲ್ಲಿ ಇಂಗ್ಲಿಷ್ ಗಾಯಕ ಎಡ್ ಶೀರನ್ ಆಲ್ಬಂ ಬಂದ ವಾರ ಅದರ 16 ಹಾಡುಗಳೂ ಬ್ರಿಟನ್ನಿನ ಹಾಡುಗಳ ಪಟ್ಟಿಯ ಮೊದಲ 20ರೊಳಗೆ ಕೂತವು. ಅದೇ ವರ್ಷ ಆ ಪಟ್ಟಿಯಲ್ಲಿ ಒಬ್ಬ ಮುಖ್ಯ ಗಾಯಕರಿಗೆ ಮೂರೇ ಹಾಡು ಎಂಬ ಮಿತಿ ಬಂತು. ಅದರ ಹಿಂದಿನ ಸಂಖ್ಯೆಯನ್ನೂ ಮುಂದಿನದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ‘ಜಗ್ ಚಂಗಾ’ 2013ರಲ್ಲಿ. ಈ ನಡುವೆ ಬ್ರಿಟನ್ನಿನ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಹಾಡಿದ ಬೆನ್ನಿಗೆ ಮೊದಲ ಆಲ್ಬಂ ಅಲ್ಲಿನ ಐಟ್ಯೂನ್ಸ್‌ನ ವಿಶ್ವ ಸಂಗೀತ ವಿಭಾಗದಲ್ಲಿ ಒಂದನೇ ಸ್ಥಾನಕ್ಕೇರಿತು. ಷರೀಫಜ್ಜನ ತತ್ವಪದಗಳನ್ನು ಹೊತ್ತ ತಟ್ಟೆಗೆ ಇದು ದೊಡ್ಡ ಸಾಧನೆಯೇ. ಆದರೆ ‘ಬ್ರಿಟನ್ ಚಾರ್ಟ್‌ನಲ್ಲಿ ನಂ. 1’ ಎಂದು ಬರೆದರೆ ಅದು ಬೇರೆ ಮಾತಾಗುತ್ತದೆ. ಒಂದು ಅಂಗಡಿಯ ಒಂದು ವಿಭಾಗದ ಪಟ್ಟಿಗೂ ಇಡೀ ದೇಶದ ಮಾರಾಟದ ಪಟ್ಟಿಗೂ ಇರುವ ಅಂತರವನ್ನು ಓದುಗರಿಗೆ ತಿಳಿಸಲೇಬೇಕು.

ಯೂಟ್ಯೂಬ್ ವೀಕ್ಷಣೆಯನ್ನೂ ಚಾರ್ಟ್ ಎನ್ನುವ ರೂಢಿ ಬಂದಿದೆ. ಜಾಹೀರಾತಿಗೆ ಹಣ ಕೊಟ್ಟು ತಂದ ವೀಕ್ಷಣೆಯನ್ನು ತನ್ನ ಸಂಗೀತ ಪಟ್ಟಿಗಳಲ್ಲಿ ಎಣಿಸುವುದನ್ನು ಯೂಟ್ಯೂಬ್ 2019ರಲ್ಲೇ ನಿಲ್ಲಿಸಿತು. ಟ್ರೆಂಡಿಂಗ್ ಪುಟವನ್ನೇ 2025ರಲ್ಲಿ ತೆಗೆಯಿತು. ಹಾಗಾಗಿ ‘ಟ್ರೆಂಡಿಂಗ್ ನಂ. 1’ ಎಂದು ಯಾರಾದರೂ ಹೇಳಿದರೆ ದಿನಾಂಕ ಕೇಳಿ, ಆ ದಿನದ ಪರದೆಯ ಚಿತ್ರ ಕೇಳಿ.

ಕೊನೆಯದಾಗಿ ಸಕಲೇಶಪುರ, ಆಲೂರು ಕಡೆಯ ಮನೆಗಳಿಗೆ ಪತ್ರಿಕೆಯ ಮೂಲಕ ಒಂದು ವಿನಂತಿ. ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನು ಹಾಗೇ ಹಾಕಿ ನುಡಿಸಿದರೆ ಬೂಷ್ಟು ಟೇಪ್ ರೆಕಾರ್ಡರ್‌ನ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಟೇಪು ಒತ್ತುವ ಪುಟ್ಟ ಸ್ಪಂಜು ಉದುರಿದ್ದರೆ ದನಿ ಮಂಕಾಗುತ್ತದೆ, ಹಾಡು ಹಾಳಾಗಿರುವುದಿಲ್ಲ. ಸ್ಪಂಜು ಬದಲಿಸಿದರೆ ಸಾಕು. ಕ್ಯಾಸೆಟ್ ಎಸೆಯಲೇಬೇಕು ಎನಿಸಿದರೂ ಒಳಗಿನ ಕಾಗದ ಎಸೆಯಬೇಡಿ. ಅದನ್ನು ಪೂರ್ತಿ ಬಿಡಿಸಿ, ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ. ಕ್ಯಾಸೆಟ್ಟಿನ ಎ, ಬಿ ಬದಿಯ ಚೀಟಿಗಳ ಫೋಟೊ ಕೂಡ ಇರಲಿ, ಏಕೆಂದರೆ ಎಷ್ಟೋ ಸಲ ಕಾಗದದಲ್ಲಿ ಒಂದು ಕ್ರಮ, ಚೀಟಿಯಲ್ಲಿ ಇನ್ನೊಂದು ಕ್ರಮ ಇರುತ್ತದೆ. ಟೇಪಿನಲ್ಲಿ ಕೇಳಿಸುವ ಕ್ರಮವನ್ನೇ ಸರಿ ಎಂದು ಬರೆದಿಡಿ.

– ಧ್ವನಿಮುದ್ರಿಕೆ ಸಂಗ್ರಾಹಕರು, ಹಾಸನ